ನಿಂತವರಿಗೊಂದು ಆಸರೆ

ನನ್ನ ಕಾರಿನ ಡಿಕ್ಕಿಯಲ್ಲಿ ಯಾವಾಗಲೂ ಒಂದು ಎತ್ತರದ ಸ್ಟೂಲು ಇರುತ್ತದೆ. ಅದರ ಹಲಗೆ ತುಸು ಮುಂದಕ್ಕೆ ವಾಲಿರುತ್ತದೆ. ಅದರ ಮೇಲೆ ಪೂರ್ತಿ ಕೂತಂತೆಯೂ ಅಲ್ಲ, ನಿಂತಂತೆಯೂ ಅಲ್ಲ. ಕಾಲಿನ ಮೇಲಿನ ಭಾರ ಅರ್ಧ ಇಳಿಯುತ್ತದೆ, ಅಷ್ಟೇ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ವಯಸ್ಸಾದವರ ಮನೆಗಳಿಗೆ ಹೋಗಿ, ಬಚ್ಚಲಲ್ಲಿ ಎಲ್ಲಿ ಹಿಡಿಕೆ ಬೇಕು, ಮಂಚ ಎಷ್ಟು ಎತ್ತರ ಇರಬೇಕು, ಅಡುಗೆಮನೆಯಲ್ಲಿ ಈ ಸ್ಟೂಲು ಎಲ್ಲಿಟ್ಟರೆ ಅನುಕೂಲ ಎಂದು ನೋಡಿ ಹೇಳುವುದು ನನ್ನ ಕೆಲಸ. ಮೊಣಕಾಲು ಸೋತ ಎಷ್ಟೋ ಅಜ್ಜಿಯರು ಇದಕ್ಕೆ ಒರಗಿಕೊಂಡು ಆಲೂಗಡ್ಡೆ ಸುಲಿಯುವುದನ್ನು ನೋಡಿ ಖುಷಿಪಟ್ಟಿದ್ದೇನೆ. ನನ್ನ ಅವ್ವನಿಗೆ ಮಾತ್ರ ಇದನ್ನು ಕೊಡಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಅವ್ವ ಗದಗಿನಲ್ಲಿ ಅಣ್ಣನ ಮನೆಯಲ್ಲಿದ್ದಳು. ಬೇಸಿಗೆಗೆ ಮಾತ್ರ ನನ್ನ ಮನೆಗೆ ಬಂದು ಐದಾರು ತಿಂಗಳು ಇರುತ್ತಿದ್ದಳು. ಅವಳು ಜೀವನವಿಡೀ ಕೂತೇ ಅಡುಗೆ ಮಾಡಿದವಳು. ಅಣ್ಣನ ಮನೆಯಲ್ಲೂ ಅವಳಿಗೆಂದೇ ಒಂದು ಗ್ಯಾಸ್ ಒಲೆಯನ್ನು ನೆಲದ ಮೇಲಿಟ್ಟಿದ್ದರು. ಮಣೆಯ ಮೇಲೆ ಕೂತು, ಕಾಲು ಚಾಚಿ ರೊಟ್ಟಿ ಬಡಿಯುತ್ತಿದ್ದಳು. ನನ್ನ ಮನೆಯಲ್ಲಿ ಒಲೆ ಅವಳ ಸೊಂಟಕ್ಕಿಂತ ಮೇಲಿತ್ತು.

“ಈ ಊರಾಗ ಒಲಿ ಅಟ್ಟದ ಮ್ಯಾಲೆ ಇಡ್ತಾರ ನೋಡವಾ” ಎಂದು ನಗುತ್ತಿದ್ದಳು. ನಕ್ಕರೂ ದಿನಾ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು, ಪೂಜೆ ಮುಗಿಸಿ, ಸೀದಾ ಅಡುಗೆಮನೆಗೆ ಬಂದು ನಿಲ್ಲುತ್ತಿದ್ದಳು. ಒಲೆಯ ಕರಿ ಗಾಜಿನ ಮೇಲೆಲ್ಲ ಜೋಳದ ಹಿಟ್ಟು. ನಾನು ಸ್ವಭಾವತಃ ಶಿಸ್ತಿನವಳು. ಶಿಸ್ತು ಎಂದರೆ ಸಿಡುಕು ಎಂದೂ ಓದಿಕೊಳ್ಳಬಹುದು. “ಅವ್ವಾ, ಬಿಡು. ಹೋಗಿ ಸೋಫಾದ ಮ್ಯಾಲೆ ಕೂಡ್ರು” ಎಂದು ಅವಳು ಕೊನೆಯ ಸಲ ಬಂದ ಬೇಸಿಗೆಯಲ್ಲಿ ಎಷ್ಟು ಸಲ ಹೇಳಿದೆನೋ!

ನಮ್ಮ ಕೆಲಸದಲ್ಲಿ ಮೊದಲು ಕಲಿಸುವುದೇ ಇದನ್ನು: ಯಾರಿಗೂ “ಬಿಡಿ” ಎನ್ನಬಾರದು. “ಹೇಗೆ ಮಾಡುತ್ತೀರಿ, ತೋರಿಸಿ” ಎನ್ನಬೇಕು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರಿಗೆ ನಾನೇ ಅದನ್ನು ಹೇಳಿಕೊಡುತ್ತೇನೆ. ಮನೆಗೆ ಬಂದು ಅವ್ವನಿಗೆ “ಬಿಡು” ಎನ್ನುತ್ತಿದ್ದೆ.

ಕೊನೆಗೆ ಅವ್ವ ತಾನೇ ಒಂದು ಉಪಾಯ ಮಾಡಿಕೊಂಡಳು. ಒಲೆಯ ಪಕ್ಕದ ಡ್ರಾಯರನ್ನು ಅರ್ಧ ಎಳೆದು, ಅದರ ಅಂಚಿಗೆ ಟವೆಲ್ ಮಡಚಿ ಹಾಕಿ, ಅದರ ಮೇಲೆ ಒಂದು ತೊಡೆ ಊರಿ ನಿಲ್ಲತೊಡಗಿದಳು. ನಾನು ನೋಡುವ ಹೊತ್ತಿಗೆ ಡ್ರಾಯರ್ ಒಂದು ಕಡೆ ಬಾಗಿತ್ತು. ಬೈದೆ. ಅದೇನು ಕುರ್ಚಿಯೇ, ಮುರಿದರೆ ಯಾರು ಕೂಡಿಸುವವರು ಎಂದೆ. ಅವ್ವ ಟವೆಲ್ ಝಾಡಿಸಿ, ಮಡಚಿ, ಒಳಗಿಟ್ಟಳು.

ಆಗಲೇ ಒಂದು ಸ್ಟೂಲು ತರಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನು ಕೆಲಸ ಮಾಡುವ ನಗರಸಭೆಯ ಸ್ಟೂಲು ಬಂದುಹೋಗುವ ನೆಂಟರಿಗಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅದು ನಿಜ. ಆದರೆ ಅಂಗಡಿಯಲ್ಲೂ ಅದು ಸಿಗುತ್ತದೆ, ಅದೂ ನಿಜ. ಅಸಲು ಮಾತೆಂದರೆ, ಅವ್ವ ನನ್ನ ಅಡುಗೆಮನೆಯಲ್ಲಿ ಇರುವುದೇ ನನಗೆ ಬೇಡವಾಗಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಅವ್ವನಿಗೆ ಡಬಲ್ ಡೆಕ್ಕರ್ ಬಸ್ಸಿನ ಹುಚ್ಚು. ಅದೇ ಸೆಪ್ಟೆಂಬರಿನ ಒಂದು ಶನಿವಾರ, ಲೀಡ್ಸ್‌ನಿಂದ ಒಂದೂವರೆ ತಾಸಿನ ಹಾದಿಯ ಒಂದು ಸಣ್ಣ ಊರಿಗೆ ಕರೆದುಕೊಂಡು ಹೋದೆ. ಆ ಊರಲ್ಲಿ ನೋಡಲು ಇರುವುದು ಒಂದೇ, ಶತಮಾನಗಳ ಹಿಂದಿನ ದೊಡ್ಡ ಗಾಥಿಕ್ ಚರ್ಚು. ಒಳಗೆ ಕಾಲಿಟ್ಟು ಅವ್ವ ಕತ್ತೆತ್ತಿದಳು. ಚೂಪು ತುದಿಯ ಕಮಾನುಗಳು ಒಂದರ ಮೇಲೊಂದು ಏರಿ, ಎಲ್ಲೋ ಮೇಲೆ ಚಾವಣಿಗೆ ಸೇರುತ್ತಿದ್ದವು. “ಇಷ್ಟು ಎತ್ತರ ಕಟ್ಟ್ಯಾರ, ಜೇಡರ ಬಲಿ ಯಾರು ತೆಗೀತಾರ?” ಎಂದಳು.

ಅಲ್ಲಿ ಬಂದವರಿಗೆ ವಿವರ ಹೇಳಲು ಒಬ್ಬ ಹಿರಿಯರಿದ್ದರು, ಎಪ್ಪತ್ತು ದಾಟಿದವರು. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಅವ್ವನಿಗೆ, ಅವ್ವ ಅಂದದ್ದನ್ನು ಅವರಿಗೆ ಹೇಳುತ್ತಾ ಹೋದೆ. ಕಮಾನು ತನ್ನ ಭಾರವನ್ನು ಪಕ್ಕಕ್ಕೆ ದೂಡುತ್ತದೆ; ಗೋಡೆ ಹೊರಗೆ ಬಾಗದಂತೆ ಹೊರಗಡೆ ಕಲ್ಲಿನ ಆನಿಕೆ ಕೊಟ್ಟಿದ್ದಾರೆ; ಅದಕ್ಕೇ ಗೋಡೆಯಲ್ಲಿ ಇಷ್ಟುದ್ದದ ಗಾಜಿನ ಕಿಟಕಿ ಇಡಲು ಆಯಿತು ಎಂದರು. ಅವ್ವ ತಲೆಯಾಡಿಸಿ, ಒಂದು ಕಂಬಕ್ಕೆ ಕೈ ಕೊಟ್ಟು ನಿಂತಳು. ಅವಳ ಮೊಣಕಾಲು ನೋಯುತ್ತಿತ್ತು.

ಅವರು ಅದನ್ನು ಗಮನಿಸಿರಬೇಕು. ನಮ್ಮನ್ನು ಒಳಗಿನ ಮರದ ಆಸನಗಳ ಸಾಲಿನತ್ತ ಕರೆದುಕೊಂಡು ಹೋಗಿ, ಒಂದು ಆಸನದ ಹಲಗೆಯನ್ನು ಮೇಲಕ್ಕೆ ಮಡಚಿ ತೋರಿಸಿದರು. ಮಡಚಿದ ಹಲಗೆಯ ಅಡಿಯಲ್ಲಿ ಅಂಗೈ ಅಗಲದ ಒಂದು ಅಂಚು ಮುಂದಕ್ಕೆ ಚಾಚಿತ್ತು. ಅಂಚಿನ ಕೆಳಗೆ ಕೆತ್ತನೆ: ಒಂದು ನರಿ ಪೀಠದ ಮೇಲೆ ನಿಂತು ಬಾತಿಗೂ ಹುಂಜಕ್ಕೂ ಪ್ರವಚನ ಹೇಳುತ್ತಿದೆ. ಅವ್ವ ಜೋರಾಗಿ ನಕ್ಕಳು. ಆ ನಿಶ್ಶಬ್ದದಲ್ಲಿ ಎಲ್ಲರೂ ತಿರುಗಿ ನೋಡಿದರು. “ಇಂಥಾ ಸ್ವಾಮಿಗೋಳು ನಮ್ಮ ಕಡೇನೂ ಅದಾರಂತ ಹೇಳವಾ ಅವರಿಗೆ” ಎಂದಳು. ಹೇಳಿದೆ. ಅವರೂ ನಕ್ಕರು.

ಆಮೇಲೆ ಅವರು ಆ ಅಂಚಿನ ವಿಷಯ ಹೇಳಿದರು. ಆ ಕಾಲದಲ್ಲಿ ಇಲ್ಲಿ ದಿನಕ್ಕೆ ಹಲವು ಸಲ ಪ್ರಾರ್ಥನೆ. ಪ್ರಾರ್ಥನೆಯ ಬಹುಪಾಲು ನಿಂತೇ ಮಾಡಬೇಕೆಂಬುದು ನೇಮ. ವಯಸ್ಸಾದ ಪಾದ್ರಿಗಳಿಗೆ ಅಷ್ಟು ಹೊತ್ತು ನಿಲ್ಲಲು ಆಗುತ್ತಿರಲಿಲ್ಲ. ನೇಮವನ್ನೂ ಮುರಿಯುವಂತಿಲ್ಲ. ಅದಕ್ಕೆ ಬಡಗಿಗಳು ಈ ಅಂಚು ಮಾಡಿದರು. ಅದಕ್ಕೆ ಒರಗಿದರೆ ನೋಡುವವರಿಗೆ ನಿಂತಂತೆ, ಕಾಲಿಗೆ ಕೂತಂತೆ. ಇದರ ಹೆಸರಿಗೆ ಲ್ಯಾಟಿನ್‌ನಲ್ಲಿ ದಯೆ ಎಂದು ಅರ್ಥ ಎಂದರು.

ಅದು ನನ್ನ ಡಿಕ್ಕಿಯಲ್ಲಿದ್ದ ಸ್ಟೂಲೇ.

ಅವ್ವ ಆ ಅಂಚನ್ನು ಬೆರಳಿನಿಂದ ಸವರಿದಳು. “ಹಂಗಾರ ಅವರಿಗೆ ಯಾರೂ ‘ಬಿಡು, ಹೋಗಿ ಕೂಡ್ರು’ ಅನ್ನಲಿಲ್ಲ. ನಿಂದ್ರಾಕ ಆಸರಾ ಮಾಡಿಕೊಟ್ರು. ನನಗೂ ಮಗಳ ಅಡಗಿಮನ್ಯಾಗ ಇಂಥಾದೊಂದು ಬೇಕಾಗೇತಿ ಅಂತ ಹೇಳು ಅವರಿಗೆ.”

ಹಿರಿಯರು ನನ್ನ ಮುಖ ನೋಡುತ್ತಿದ್ದರು. “ಬಹಳ ಬ್ಯೂಟಿಫುಲ್ ಆಗಿದೆ ಅಂತಾರೆ” ಎಂದು ಇಂಗ್ಲಿಷಿನಲ್ಲಿ ಹೇಳಿದೆ.

ಅವ್ವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ಅವಳು ಹೊಸ ಸೀರೆ ಉಟ್ಟಾಗಲೆಲ್ಲ ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ ಅದೇ ಮಾತು ಹೇಳುತ್ತಿದ್ದಳು. ವಾಪಸು ಬರುವಾಗ, ಬಸ್ಸಿನ ಮಹಡಿಯ ಮುಂದಿನ ಸೀಟಿನಲ್ಲಿ ಕೂತು ಅವ್ವ ಕೇಳಿದಳು: “ಬ್ಯೂಟಿಫುಲ್ ಅಂದ್ರ ಚಂದ ಅಂತ ಅಲ್ಲೇನು?”

“ಹೌದು” ಎಂದೆ.

“ನಾ ಚಂದ ಐತಿ ಅಂದಿದ್ದಿಲ್ಲ” ಎಂದಳು. ಸಿಟ್ಟಿಲ್ಲದೆ ಅಂದಳು. ಆಮೇಲೆ ಕಿಟಕಿಯಾಚೆ ಹೊಲದ ಕುರಿಗಳನ್ನು ನೋಡತೊಡಗಿದಳು. ನಾನು ಮೊಬೈಲ್ ತೆಗೆದೆ.

ಮರುದಿನದಿಂದ ಅವ್ವ ರೊಟ್ಟಿ ಬಡಿಯಲಿಲ್ಲ. ಸೋಫಾದ ಮೇಲೆ ಕೂತಳು, ಟೀವಿ ನೋಡಿದಳು. ಕೊನೆಗೂ ಮಾತು ಕೇಳಿದಳಲ್ಲ ಎಂದು ನಾನು ಒಲೆ ಒರೆಸಿಕೊಂಡು ಹಗುರಾದೆ. ಅಕ್ಟೋಬರಿನಲ್ಲಿ ಗದಗಿಗೆ ಹೋದಳು.

ಜನವರಿಯಲ್ಲಿ ಅವಳಿಗೆ ಸ್ಟ್ರೋಕ್ ಆಯಿತು, ಮರುದಿನವೇ ಹೋಗಿಬಿಟ್ಟಳು. ಅದಕ್ಕೂ ಮೊಣಕಾಲಿಗೂ ಸಂಬಂಧವಿಲ್ಲ, ನನಗೆ ಗೊತ್ತು. ನಾನು ಹೊರಟರೂ ಮಣ್ಣು ಕೊಡುವ ಹೊತ್ತಿಗೆ ಮುಟ್ಟುವಂತಿರಲಿಲ್ಲ. ಅಣ್ಣ ಫೋನಿನಲ್ಲಿ ವಿಡಿಯೋ ತೋರಿಸಿದ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕೂಡ್ರಿಸುತ್ತಾರೆ, ಮಣ್ಣಿಗಿಡುವುದೂ ಹಾಗೆಯೇ. ಹಣೆತುಂಬ ವಿಭೂತಿ, ಕೊರಳಲ್ಲಿ ಹೂವಿನ ಹಾರ, ಬೆನ್ನಿಗೆ ಗೋಡೆ. ಕೂಡ್ರು, ಕೂಡ್ರು ಎಂದು ಬೇಸಿಗೆಯಿಡೀ ನಾನು ಹೇಳುತ್ತಿದ್ದೆನಲ್ಲ, ಹಾಗೆ ಕೂತಿದ್ದಳು. ಫೋನು ಹಿಡಿದುಕೊಂಡೇ ಬಿಕ್ಕಿಬಿಕ್ಕಿ ಅತ್ತೆ.

ಡ್ರಾಯರ್ ಈಗಲೂ ಪೂರ್ತಿ ಮುಚ್ಚುವುದಿಲ್ಲ. ಒಂದು ಬೆರಳಿನಷ್ಟು ಸಂದು ಉಳಿಯುತ್ತದೆ.

ಕಳೆದ ಏಪ್ರಿಲ್‌ನಲ್ಲಿ ಒಬ್ಬಳೇ ಅದೇ ಬಸ್ಸು ಹತ್ತಿ ಆ ಊರಿಗೆ ಹೋದೆ. ಅದೇ ಹಿರಿಯರು ಇದ್ದರು. ನನ್ನನ್ನು ನೋಡಿ ಸ್ವಲ್ಪ ಯೋಚಿಸಿ, “ನರಿಯನ್ನು ನೋಡಿ ನಕ್ಕಿದ್ದರಲ್ಲ, ನಿಮ್ಮ ತಾಯಿ, ಹೇಗಿದ್ದಾರೆ?” ಎಂದರು. ಹೇಳಿದೆ. ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದರು. ಆಮೇಲೆ ಕೇಳದಿದ್ದರೂ ಆ ಹಲಗೆಯನ್ನು ಮಡಚಿ ತೋರಿಸಿದರು.

“ಅವತ್ತು ನಾನು ನಿಮಗೆ ತಪ್ಪು ಹೇಳಿದೆ. ಅಮ್ಮ ಅಂದದ್ದು ಬೇರೆ” ಎಂದೆ. ಅವ್ವನ ಮಾತನ್ನು ಮೊದಲಿನಿಂದ ಕೊನೆಯವರೆಗೆ, ಒಂದೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ.

ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಒಂದು ಪ್ರಶ್ನೆ ಕೇಳಿದರು. ದನಿಯಲ್ಲಿ ಕುಹಕ ಇರಲಿಲ್ಲ, ತಿಳಿದುಕೊಳ್ಳುವ ಕುತೂಹಲವಷ್ಟೇ ಇತ್ತು.

“ಮತ್ತೆ, ಅಂಥದ್ದೊಂದು ಮಾಡಿಸಿಕೊಟ್ಟಿರಾ?”

“ಇಲ್ಲ” ಎಂದೆ.

ಅವರು ಹಲಗೆಯನ್ನು ಸಪ್ಪಳವಾಗದಂತೆ ಕೆಳಗಿಳಿಸಿದರು.