ರಾಹಿಲಾ ಮೇಡಂ ಮತ್ತು ನೂರಕ್ಕೆ ನೂರು

ಟ್ರೈನಿಂಗ್ ಎಂಬ ಪದ ಕಿವಿಗೆ ಬಿದ್ದರೆ ಸಾಕು, ರಾಹಿಲಾಳ ಮುಖ ಸೊಟ್ಟಗಾಗುತ್ತಿತ್ತು. ವಿಚಿತ್ರವೆಂದರೆ ಅವಳ ಹೊಟ್ಟೆಪಾಡೂ ಅದೇ. ಮಂಗಳೂರಿನ ದೊಡ್ಡದೊಂದು ಬಟ್ಟೆ ಮಳಿಗೆಯಲ್ಲಿ ಹೊಸದಾಗಿ ಸೇರಿದವರಿಗೆ ಸೀರೆ ಮಡಚುವುದರಿಂದ ಹಿಡಿದು ಗಿರಾಕಿಗಳ ಬೈಗುಳ ನುಂಗುವುದರ ತನಕ ಎಲ್ಲ ಕಲಿಸುವವಳು ಅವಳು. ಹುಟ್ಟಿ ಬೆಳೆದದ್ದು ಬಂದರಿನಲ್ಲಿ, ಒಣಮೀನಿನ ವ್ಯಾಪಾರಿ ಉಮರಬ್ಬರ ಮಗಳಾಗಿ. ಬಿ.ಎಡ್. ಮಾಡಿ ಕೆಲವು ವರ್ಷ ಶಾಲೆಯಲ್ಲಿ ಪಾಠ ಹೇಳಿದ್ದಳು. ಮಕ್ಕಳು ಗಿಳಿಗಳ ಹಾಗೆ ಒಪ್ಪಿಸುವುದನ್ನೇ ಕಲಿಕೆ ಎನ್ನುತ್ತಾರಲ್ಲ ಎಂದು ರೋಸಿಹೋಗಿ ಕಂಪೆನಿ ಕೆಲಸಕ್ಕೆ ಬಂದಳು. ಇಲ್ಲಿ ದೊಡ್ಡವರು ಅಷ್ಟನ್ನೂ ಒಪ್ಪಿಸುವುದಿಲ್ಲ ಎಂಬುದು ಬಂದ ಮೇಲೆ ತಿಳಿಯಿತು.

ಕೋಟು ತೊಟ್ಟು ಬರುವ ತರಬೇತುದಾರರನ್ನು ಅವಳು ಬೇಕಾದಷ್ಟು ಕಂಡಿದ್ದಳು. ಬಲೂನು ಊದಿಸುವುದು, ಪಕ್ಕದವರ ಬೆನ್ನು ತಟ್ಟಿಸುವುದು, ‘ಪಾಸಿಟಿವ್ ಎನರ್ಜಿ’ ಎಂದು ಒಟ್ಟಿಗೆ ಕೂಗಿಸುವುದು. ಮಧ್ಯಾಹ್ನ ಬಿರಿಯಾನಿ, ಸಂಜೆ ಗ್ರೂಪ್ ಫೋಟೋ. ಮರುದಿನ ಅದೇ ಜನ, ಬಿಲ್ಲಿಂಗ್‌ನಲ್ಲಿ ಅದೇ ಹಳೆಯ ತಪ್ಪು.

ಕೊನೆಗೆ ಎಚ್.ಆರ್. ಮ್ಯಾನೇಜರ್ ಮುಖೇಶ್ ಬಲೂನಿನ ಖರ್ಚನ್ನೂ ಉಳಿಸಿದ. ಅಗ್ನಿ ಸುರಕ್ಷತೆಯ ಆನ್‌ಲೈನ್ ಕೋರ್ಸ್ ಒಂದನ್ನು ತರಿಸಿದ. ಮೊಬೈಲಿನಲ್ಲಿ ಒಂದು ವಿಡಿಯೋ ನೋಡಬೇಕು, ಆಮೇಲೆ ಕೆಲವು ಪ್ರಶ್ನೆ. ನಾಲ್ಕು ಉತ್ತರಗಳಲ್ಲಿ ಉದ್ದದ್ದು ಯಾವುದೋ ಅದೇ ಸರಿ, ಓದಲೂ ಬೇಕಾಗಿಲ್ಲ. ಹುಡುಗಿಯರು ಮೊಬೈಲನ್ನು ಟಿಫಿನ್ ಡಬ್ಬಿಗೆ ಒರಗಿಸಿಟ್ಟು, ವಿಡಿಯೋ ತನ್ನಷ್ಟಕ್ಕೆ ಓಡುತ್ತಿದ್ದರೆ ಊಟ ಮಾಡಿದರು. ಸೀರೆ ವಿಭಾಗದ ದೀಪೇಶ್ ಒಂದು ಪ್ಲೇಟ್ ಗೋಳಿಬಜೆಗೆ ಇಡೀ ವಿಭಾಗದ ಪರೀಕ್ಷೆ ಬರೆದುಕೊಟ್ಟ. ಎಲ್ಲರೂ ಪಾಸು. ಮುಖೇಶ್ ಸರ್ಟಿಫಿಕೇಟುಗಳಿಗೆ ಫ್ರೇಮು ಹಾಕಿಸಿದ.

“ಸಾರ್, ಇವರಿಗೆ ಎಂತ ಗೊತ್ತುಂಟು ಅಂತ ಒಮ್ಮೆ ನೋಡುವನಾ?” ಎಂದು ರಾಹಿಲಾ ಕೇಳಿದಳು.

“ರಿಪೋರ್ಟ್ ನೋಡಿ ಮಾರಾಯ್ರೆ, ನೂರಕ್ಕೆ ನೂರು ಉಂಟಲ್ಲ! ಇನ್ನೆಂತ ನೋಡ್ಲಿಕ್ಕೆ?”

ಆದರೂ ಮಾಲೀಕರಿಗೆ ಕಳಿಸಲು ಫೋಟೋ ಸಿಗುತ್ತದೆಂದು ಒಪ್ಪಿಕೊಂಡ.

ಒಂದು ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಹಿಂದಿನ ಅಂಗಳದಲ್ಲಿ ರಾಹಿಲಾ ಒಂದು ತಗಡಿನ ಟ್ರೇಯಲ್ಲಿ ರಟ್ಟು ತುಂಬಿಸಿ ಬೆಂಕಿ ಕೊಟ್ಟಳು. ಪಕ್ಕದಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಇಟ್ಟು, “ಬನ್ನಿ, ಆರಿಸಿ” ಎಂದಳು. ಮೊದಲು ಬಂದವನು ಗೇವಿನ್, ಮಹಡಿಯ ಸೂಪರ್‌ವೈಸರ್. ಪಿನ್ ತೆಗೆಯದೆಯೇ ಹಿಡಿಯನ್ನು ಅದುಮಿ ಅದುಮಿ ಬೆವರಿದ. ದೀಪೇಶ್ ಪಿನ್ ಎಳೆದು ಸಿಲಿಂಡರಿನೊಳಗಿನ ಪುಡಿಯನ್ನು ಜ್ವಾಲೆಯ ಮೇಲಿನ ಗಾಳಿಗೆ ಹೊಡೆದ. ರಟ್ಟು ಆರಾಮವಾಗಿ ಉರಿಯಿತು. “ನಿಮಗೆಲ್ಲ ಇಷ್ಟೂ ಗೊತ್ತಿಲ್ವಾ!” ಎಂದು ಮುಖೇಶನೇ ಮುಂದೆ ಬಂದ. ಕೊಳವೆಯ ಬಾಯಿ ಎತ್ತ ಉಂಟೆಂದು ನೋಡದೆ ಅದುಮಿದ. ಇಸ್ತ್ರಿ ಮಾಡಿದ ಅವನ ಪ್ಯಾಂಟು ಸೊಂಟದಿಂದ ಕೆಳಗೆ ಹಿಟ್ಟಿನ ಗಿರಣಿಯಾಯಿತು.

ರಾಹಿಲಾ ಬಾಯಿಗೆ ದುಪಟ್ಟಾ ಒತ್ತಿಕೊಂಡಳು. ಅಷ್ಟು ಸುಖ ಅವಳಿಗೆ ಆ ಕೆಲಸದಲ್ಲಿ ಎಂದೂ ಸಿಕ್ಕಿರಲಿಲ್ಲ. “ಸರ್ಟಿಫಿಕೇಟ್ ತಂದು ತೋರಿಸಿ, ಬೆಂಕಿ ಹೆದರಿ ಓಡ್ತದೆ” ಎಂದಳು, ಎಲ್ಲರಿಗೂ ಕೇಳುವಂತೆ. ನಂತರ ಬಂದ ಯಶ್ಮಿತಾ ಕೆಲಸಕ್ಕೆ ಸೇರಿ ಒಂದು ತಿಂಗಳೂ ಆಗಿರಲಿಲ್ಲ. ಸಿಲಿಂಡರ್ ಎತ್ತಲಾಗದೆ ಕಾಲ ಮೇಲೆ ಬೀಳಿಸಿಕೊಂಡಳು. ಜನ ನಕ್ಕರು. ರಾಹಿಲಾಳೂ ನಕ್ಕಳು.

ಯಶ್ಮಿತಾ ಕಣ್ಣೊರೆಸಿಕೊಂಡು ನೇರ ಕೇಳಿದಳು: “ಮೇಡಂ, ಇದನ್ನು ಹಿಡಿಯುವುದು ಹೇಗೆ ಅಂತ ನೀವು ತೋರಿಸಲೇ ಇಲ್ಲ. ನಮ್ಮನ್ನು ನಗೆಪಾಟಲು ಮಾಡ್ಲಿಕ್ಕೆ ಕರೆದದ್ದಾ?”

ರಾಹಿಲಾ ಉರಿಯುತ್ತಿದ್ದ ಟ್ರೇಗೆ ನೀರು ಸುರಿದು ಎಲ್ಲರನ್ನೂ ಒಳಗೆ ಕಳಿಸಿದಳು. ಮುಖೇಶ್ ಕಲಿಸದೆ ಪಾಸು ಮಾಡಿದ್ದ, ತಾನು ಕಲಿಸದೆ ಫೇಲು ಮಾಡಿದ್ದೆ ಎಂದು ರಾಹಿಲಾಳಿಗೆ ಹೊಳೆದದ್ದು ಬಸ್ಸಿನಲ್ಲಿ ಮನೆಗೆ ಹೋಗುವಾಗ. ಆ ದಿನ ತನ್ನ ಮೇಲೆಯೇ ಅವಳಿಗೆ ಹೇಸಿಗೆ ಬಂತು.

ಮರುದಿನದಿಂದ ಅವಳು ಸಣ್ಣ ಸಣ್ಣ ಗುಂಪು ಮಾಡಿಕೊಂಡಳು. ಮೊದಲು ತಾನು ಮಾಡಿ ತೋರಿಸುವುದು, ಆಮೇಲೆ ಅವರ ಕೈಗೆ ಕೊಡುವುದು, ತಪ್ಪಿದಲ್ಲಿ ನಿಲ್ಲಿಸಿ ಪುನಃ ಮಾಡಿಸುವುದು. ಮೊದಲು ಕರೆಂಟಿನ ಮೈನ್ ಸ್ವಿಚ್ ಬಂದ್ ಮಾಡಬೇಕು, ಬೆನ್ನ ಹಿಂದೆ ಓಡಲು ದಾರಿ ಇರಬೇಕು, ಕೊಳವೆಯನ್ನು ಬೆಂಕಿಯ ಬುಡಕ್ಕೆ ಹಿಡಿಯಬೇಕು. ಯಶ್ಮಿತಾಳಿಗೆ ಸಿಲಿಂಡರನ್ನು ನೆಲದ ಮೇಲಿಟ್ಟೇ ಪಿನ್ ಎಳೆಯಲು ಕಲಿಸಿದಳು. ಯಾರೂ ನಗಲಿಲ್ಲ, ನಗಲು ಅವಳು ಬಿಡಲಿಲ್ಲ.

ಎಲ್ಲರ ಕೈ ಪಳಗುವಷ್ಟರಲ್ಲಿ ಮುಖೇಶ್ ನಿಲ್ಲಿಸಿಬಿಟ್ಟ. ಕೌಂಟರ್ ತೆರೆಯುವುದು ತಡವಾಗುತ್ತದಂತೆ. ಅವಳ ಪಾಠವನ್ನು ವಿಡಿಯೋ ಮಾಡಿಸಿ, ಅದರಲ್ಲಿ ಅವಳಿದ್ದ ಭಾಗ ಕತ್ತರಿಸಿ, ಆ ಜಾಗದಲ್ಲಿ ತಾನು ನಿಂತು ಮಾತಾಡಿದ. “ಇದಕ್ಕೆ ಪ್ರಶ್ನೆ ನೀವೇ ಬರೆದು ಕೊಡಿ ಮೇಡಂ. ತುಂಬಾ ಕಷ್ಟದ್ದು ಬೇಡ, ಪಾಸಾಗ್ಬೇಕಲ್ಲ!”

ರಾಹಿಲಾ ಬರೆದುಕೊಟ್ಟದ್ದು ರಾಜೀನಾಮೆ.

ಆ ಮಳೆಗಾಲದಲ್ಲಿ ಟ್ರಯಲ್ ರೂಮಿನ ಹಿಂದಿನ ಸ್ವಿಚ್‌ಬೋರ್ಡಿಗೆ ಬೆಂಕಿ ಹಿಡಿಯಿತು. ಯಶ್ಮಿತಾ ಗೇವಿನ್‌ನನ್ನು ಮೈನ್ ಸ್ವಿಚ್ಚಿಗೆ ಓಡಿಸಿ, ಗಿರಾಕಿಗಳನ್ನು ಮೆಟ್ಟಿಲಿಗೆ ಕಳಿಸಿ, ಬೆಂಕಿ ಪರದೆಗೆ ತಾಗುವ ಮೊದಲೇ ಆರಿಸಿದಳು. ಆನ್‌ಲೈನ್ ತರಬೇತಿಯ ಫಲ ಎಂದು ಮುಖೇಶ್ ಮಾಲೀಕರಿಂದ ಶಾಲು ಹೊದೆಸಿಕೊಂಡ. ಇದನ್ನೆಲ್ಲ ಫೋನಿನಲ್ಲಿ ಹೇಳಿದವಳು ಯಶ್ಮಿತಾ.

“ಶಾಲು ಹೋದರೆ ಹೋಗಲಿ. ಪಿನ್ ಸರಿಯಾಗಿ ಬಂತಾ?” ಎಂದು ರಾಹಿಲಾ ಕೇಳಿದಳು.

“ನೆಲದ ಮೇಲಿಟ್ಟೇ ಎಳೆದೆ ಮೇಡಂ.”

ಈಗ ರಾಹಿಲಾ ವಾಮಂಜೂರಿನ ಹಾಸ್ಟೆಲ್ಲುಗಳ ಅಡುಗೆಯವರಿಗೆ ಗ್ಯಾಸ್ ಸೋರಿದರೆ ಎಂತ ಮಾಡಬೇಕೆಂದು ಕಲಿಸುತ್ತಾಳೆ. ಮೊನ್ನೆ ಮುಖೇಶ್ ಫೋನ್ ಮಾಡಿದ್ದ: ಎಲ್ಲ ಬ್ರಾಂಚುಗಳಿಗೆ ಕೋರ್ಸ್ ಮಾಡಿಕೊಡಬೇಕಂತೆ, ವಿಡಿಯೋದಲ್ಲಿ ಅವಳ ಹೆಸರನ್ನೂ ಹಾಕುತ್ತಾನಂತೆ.

“ಆಗ್ಲಿ ಸಾರ್. ಆದ್ರೆ ಮೊದಲನೇ ಬ್ಯಾಚಿನಲ್ಲಿ ನೀವು ಬಂದು ಕಲೀಬೇಕು, ಎಲ್ಲರ ಎದುರು, ಸರಿಯಾಗಿ ಮಾಡ್ಲಿಕ್ಕೆ ಬರುವ ತನಕ.”

ಅವನು ಮೀಟಿಂಗ್ ಉಂಟೆಂದು ಫೋನ್ ಇಟ್ಟ. ರಾಹಿಲಾ ಥೂ ಎಂದು, ಅಡುಗೆಯವರು ಕಾಯುತ್ತಿದ್ದ ಕೋಣೆಗೆ ನಡೆದಳು.