ಮೂವತ್ತೆರಡು ಪ್ರಬಂಧಗಳ ಪಿತ್ರಾರ್ಜಿತ

ಎಂಜಿನಿಯರಿಂಗ್‌ನ ಕೊನೆಯ ವರ್ಷ ಪ್ರಾಜೆಕ್ಟ್ ಶುರು ಮಾಡುವ ಮೊದಲು ‘ಲಿಟರೇಚರ್ ಸರ್ವೆ’ ಎಂಬ ಅಧ್ಯಾಯ ಬರೆದು ತೋರಿಸಬೇಕು. ಅಂದರೆ, ನಮ್ಮ ವಿಷಯದಲ್ಲಿ ಈ ಮೊದಲು ಯಾರು ಏನು ಸಂಶೋಧನೆ ಮಾಡಿದ್ದಾರೆ ಎಂದು ಹುಡುಕಿ, ಓದಿ ಹೇಳಬೇಕು. ನಮ್ಮ ಕಾಲೇಜಿನಲ್ಲಿ ಹುಡುಕುವ ಕಷ್ಟವೇ ಇರಲಿಲ್ಲ. ಒಣಗಿಸುವ ಯಂತ್ರಗಳ ಬಗ್ಗೆ ಯಾರೋ ಯಾವ ಕಾಲದಲ್ಲೋ ಬರೆದಿಟ್ಟ ಒಂದು ಅಧ್ಯಾಯ ಪೆನ್‌ಡ್ರೈವ್‌ನಲ್ಲಿ ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ಇಳಿದು ಬರುತ್ತಿತ್ತು. ಮೂವತ್ತೆರಡು ಪ್ರಬಂಧಗಳ ಪಟ್ಟಿ. ಮೇಲಿನ ಹೆಸರು ಬದಲಾಯಿಸಿದರೆ ಕೆಲಸ ಮುಗಿಯಿತು. ಅಪ್ಪ ನೆಟ್ಟ ಆಲದಮರ ಅಂತ ನೇಣು ಹಾಕಿಕೊಳ್ಳುವುದು ಅನ್ನುತ್ತಾರಲ್ಲ, ನಮ್ಮಲ್ಲಿ ಅದಕ್ಕೆ ಮಾರ್ಕ್ಸ್ ಕೂಡ ಕೊಡುತ್ತಿದ್ದರು.

ನನಗೆ ಅದು ಬೇಡವಾಗಿತ್ತು. ನಮ್ಮದು ಪಿರಿಯಾಪಟ್ಟಣದ ಹತ್ತಿರದ ಹಳ್ಳಿ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಎಂಬ ಎತ್ತರದ ಕೋಣೆ ಮನೆಯ ಪಕ್ಕದಲ್ಲೇ ಇದೆ. ಸೀಸನ್ ಬಂದರೆ ಅದರ ಒಲೆಯ ಬಾಯಿಗೆ ಸೌದೆ ತಳ್ಳುತ್ತಾ ಕೂರುವವಳು ನನ್ನ ಅವ್ವ. ಅವಳ ಕಣ್ಣು ಕೆಂಪಗಾಗಿ ನೀರು ಸುರಿಯುವುದನ್ನು ನೋಡಿಕೊಂಡೇ ನಾನು ಬೆಳೆದದ್ದು. ಅದೇ ಶಾಖವನ್ನು ಕಡಿಮೆ ಸೌದೆಯಲ್ಲಿ ಕೊಡುವ ಒಲೆ ಮಾಡಬೇಕು, ಅದೇ ನನ್ನ ಪ್ರಾಜೆಕ್ಟ್ ಆಗಬೇಕು ಎಂದು ಹಟ ಹಿಡಿದೆ.

ನಮ್ಮ ಗೈಡ್ ಮೇಷ್ಟ್ರು ತಲೆಯನ್ನೇ ಎತ್ತಲಿಲ್ಲ. “ಅದರ ಬಗ್ಗೆ ಪೇಪರ್‌ಗಳೇ ಇರಲ್ಲಮ್ಮ. ಹದಿನೈದು ದಿನದಲ್ಲಿ ತಂದು ತೋರಿಸು. ಇಲ್ಲಾಂದ್ರೆ ಸೀನಿಯರ್ಸ್ ಮಾಡಿರೋ ಹಪ್ಪಳ ಒಣಗಿಸೋ ಮಿಷನ್ನೇ ನೀನೂ ಮಾಡು.”

ಇದನ್ನು ಅವ್ವನಿಗೆ ಹೇಳಿದೆ. “ನಿಮ್ ಮೇಷ್ಟ್ರು ಒಂದಿನ ಬಂದು ಈ ಒಲೆ ಮುಂದೆ ಕೂತ್ಕಳ್ಲಿ ಕಣವ್ವಾ, ಆಮೇಲೆ ಪೇಪರ್ ಇಲ್ಲ ಅಂತ ಏಳ್ಲಿ” ಅಂದಳು.

ಮೊದಲ ಐದು ದಿನ ನಾನು ಮಾಡಿದ್ದು ಶುದ್ಧ ದಡ್ಡತನ. ನಮ್ಮ ಕಡೆ ಸೊಪ್ಪನ್ನು ‘ಬೇಯಿಸುವುದು’ ಎನ್ನುತ್ತೇವೆ. ಹಾಗಾಗಿ ಲೈಬ್ರರಿಯ ಕಂಪ್ಯೂಟರ್ ಮುಂದೆ ತಂಬಾಕು, ಅಡುಗೆ, ಸೌದೆ, ಪಿರಿಯಾಪಟ್ಟಣ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಕೂತೆ. ಹಳ್ಳಿ ಅಡುಗೆಮನೆಗಳ ಹೊಗೆ ಸಿಕ್ಕಿತು, ಬಾಯಿ ಕ್ಯಾನ್ಸರ್ ಸಿಕ್ಕಿತು, ನಮ್ಮೂರ ಬಸ್ಸಿನ ಟೈಮೂ ಸಿಕ್ಕಿತು. ಮೇಷ್ಟ್ರು ಹೇಳಿದ್ದೇ ನಿಜ ಇರಬೇಕು ಅನ್ನಿಸಿ ಅಳು ಬಂತು.

ಲೈಬ್ರರಿಯ ಮೇಡಂ ನಾನು ಅಳುವುದನ್ನು ನೋಡಿದರು. ವರ್ಷ ವರ್ಷ ಗುತ್ತಿಗೆ ಮೇಲೆ ಕೆಲಸ ಮಾಡುವ ಹೆಂಗಸು. ಅವರ ಹತ್ತಿರ ಕೇಳಬಹುದು ಅಂತ ನಾಲ್ಕು ವರ್ಷದಲ್ಲಿ ನಮಗೆ ಯಾರೂ ಹೇಳಿರಲಿಲ್ಲ. “ಮೊದಲು ಊರಿನ ಹೆಸರು ತೆಗಿ. ಒಲೆ ಒಳಗೆ ಏನು ನಡೀತದೆ ಹೇಳು” ಅಂದರು. ಬಿಸಿಗಾಳಿ ಕೊಳವೆಯಲ್ಲಿ ಹೋಗಿ ಎಲೆ ಒಣಗುತ್ತದೆ ಅಂದೆ. “ಹಂಗಾದ್ರೆ ಆ ಕೆಲಸಕ್ಕೆ ಬರೆಯೋರು ಏನಂತಾರೆ ಅಂತ ಹುಡುಕು, ನೀನು ಏನಂತೀಯ ಅಂತ ಅಲ್ಲ.” ಪಠ್ಯಪುಸ್ತಕದ ಕೊನೆಯ ಪದಸೂಚಿಯಲ್ಲಿ ‘ಫ್ಲೂ ಕ್ಯೂರಿಂಗ್’ ಎಂಬ ಮಾತು ಸಿಕ್ಕಿತು, ಅಂದರೆ ಕೊಳವೆಯ ಬಿಸಿಯಲ್ಲಿ ಎಲೆ ಹದ ಮಾಡುವುದು. ಎರಡೂ ಪದಗಳನ್ನು ಒಟ್ಟಿಗೆ ಉದ್ಧರಣ ಚಿಹ್ನೆಯೊಳಗೆ ಹಾಕಿ, ಪಕ್ಕದಲ್ಲಿ ಇಂಧನ ಎಂದು ಸೇರಿಸಿ ಹುಡುಕಿದೆ. ಅರ್ಧ ಗಂಟೆಯಲ್ಲಿ ಒಂದು ಒಳ್ಳೆಯ ಪ್ರಬಂಧ ಸಿಕ್ಕಿತು. “ಒಂದು ಸಿಕ್ತಲ್ಲ, ಇನ್ನು ಹುಡುಕೋದು ಬುಡು, ಹಿಂಬಾಲಿಸು” ಅಂದರು ಮೇಡಂ. ಅದರ ಕೊನೆಯ ಉಲ್ಲೇಖಗಳ ಪಟ್ಟಿ ಹಿಡಿದು ಹಳೆಯ ಪ್ರಬಂಧಗಳಿಗೆ ಹೋದೆ. ಅದನ್ನು ಆಮೇಲೆ ಯಾರು ಉಲ್ಲೇಖಿಸಿದ್ದಾರೆ ಎಂಬ ಲಿಂಕ್ ಒತ್ತಿ ಹೊಸದಕ್ಕೆ ಬಂದೆ.

ಹಾಗೆ ಬರುವಾಗ ಹುಣಸೂರು ಕಡೆಯ ಬ್ಯಾರನ್‌ಗಳಲ್ಲೇ ಸೌದೆ ತೂಗಿ ಬರೆದ ಪ್ರಬಂಧವೊಂದು ಕಂಡಿತು. ಪೂರ್ತಿ ಓದಬೇಕಾದರೆ ಡಾಲರ್ ಕಟ್ಟಬೇಕಂತೆ! ನಮ್ಮ ಜನರ ಒಲೆ, ನಮ್ಮ ಜನರ ಸೌದೆ, ಅದನ್ನು ನಾವು ಓದುವುದಕ್ಕೆ ಡಾಲರ್. ಮೈಯೆಲ್ಲ ಉರಿದುಹೋಯಿತು. ಬರೆದವರಿಗೇ ನಾಲ್ಕು ಸಾಲಿನ ಮೇಲ್ ಹಾಕು ಅಂದರು ಮೇಡಂ. ಹಾಕಿದೆ. ಎರಡೇ ದಿನದಲ್ಲಿ ಅವರು ಕಳಿಸಿಕೊಟ್ಟರು, ‘ಚೆನ್ನಾಗಿ ಮಾಡಿ’ ಅಂತ ಒಂದು ಮಾತೂ ಸೇರಿಸಿ.

ಒಟ್ಟು ಹನ್ನೊಂದು ಪ್ರಬಂಧ ಸಿಕ್ಕವು. ಹನ್ನೊಂದನ್ನೂ ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದೆ. ಹದಿನೈದನೇ ದಿನ ಮೇಷ್ಟ್ರ ಮುಂದೆ ಇಟ್ಟೆ. ಅವರು ಒಂದು ಸಾಲೂ ಓದದೆ ಕೊನೆಯ ಪುಟ ತೆಗೆದು ಬೆರಳಿಟ್ಟು ಎಣಿಸಿದರು. “ಬರೀ ಹನ್ನೊಂದಾ? ಎಲ್ಲರದ್ದೂ ಮೂವತ್ತೆರಡು ಇದೆ.”

ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. ಹಿಂದಿನ ದಿನ ಆ ಮೂವತ್ತೆರಡನ್ನೂ ಒಂದೊಂದಾಗಿ ಹುಡುಕಿ ನೋಡಿದ್ದೆ. “ಸರ್, ಅದರಲ್ಲಿ ಏಳನೇದು ಮೀನಿನ ರೋಗದ ಬಗ್ಗೆ ಇದೆ. ಹನ್ನೆರಡನೇದು ಎಲ್ಲೂ ಇಲ್ಲ, ಆ ಪತ್ರಿಕೆಯ ಆ ಸಂಚಿಕೆಯಲ್ಲಿ ಅಂಥ ಪ್ರಬಂಧವೇ ಇಲ್ಲ. ಹತ್ತೊಂಬತ್ತನೇದು ಆ ಅಧ್ಯಾಯದಲ್ಲಿ ಬರೆದಿರೋದಕ್ಕೆ ತದ್ವಿರುದ್ಧ ಹೇಳುತ್ತೆ. ಆ ರಿಪೋರ್ಟ್‌ಗಳಿಗೆಲ್ಲ ನಿಮ್ಮ ಸಹಿ ಇದೆ ಸರ್” ಅಂದೆ.

ಮೇಷ್ಟ್ರು ನನ್ನ ಹಾಳೆಗಳನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಪೆನ್ನು ತೆಗೆದು ನನ್ನ ವಿಷಯಕ್ಕೆ ಸಹಿ ಹಾಕಿದರು. ಒಲೆ ನನ್ನದಾಯಿತು. ಕಣ್ಣು ತುಂಬಿ, ಥ್ಯಾಂಕ್ಸ್ ಸರ್ ಅಂದು ಬಾಗಿಲ ತನಕ ಬಂದಿದ್ದೆ.

“ನೋಡಮ್ಮ” ಅಂತ ಹಿಂದಿನಿಂದ ಕರೆದರು. ಮುಖದಲ್ಲಿ ಒಂದಿಷ್ಟು ಮುಜುಗರವೂ ಇರಲಿಲ್ಲ. “ಚೆನ್ನಾಗಿ ಹುಡುಕಿದ್ದೀಯ. ಈ ಹನ್ನೊಂದನ್ನೂ ಆ ಮೂವತ್ತೆರಡರ ಕೆಳಗೆ ಸೇರಿಸಿ ಒಂದು ಕಾಪಿ ಇಲ್ಲಿ ಕೊಟ್ಟುಹೋಗು. ನಲವತ್ತಮೂರಾಗುತ್ತೆ. ಮುಂದಿನ ವರ್ಷದವರಿಗೆ ಅನುಕೂಲ.”