ನೀರು ಇಳಿಯುವ ಮೊದಲು

ಇವತ್ತು ಕಾಲೇಜಿಗೆ ಬರುವಾಗ ಖರಾಡಿ ಮಾರ್ಕೆಟ್ಟಿನಲ್ಲಿ ಒಣಮೀನಿನ ವಾಸನೆ ಬಂತು. ಶಾಲೆಯಲ್ಲಿದ್ದಾಗಿನ ಹಾಸ್ಟೆಲ್ ರಜೆಯ ಒಂದು ದಿನ ನೆನಪಾಯಿತು.

ಅಪ್ಪ ನಮ್ಮನ್ನು ಕಡಲದಂಡೆಯ ಹಳೇ ಕೋಟೆಯ ಪಾರ್ಕಿಗೆ ಕರೆದೊಯ್ದಿದ್ದರು. ನೀರು ಇಳಿದ ಮೇಲೆ ಕೆಸರಿಗೆ ಫ್ಲೆಮಿಂಗೊಗಳು ಬರುತ್ತವಂತೆ. ಅವ್ವ ರೊಟ್ಟಿ ತಿನ್ನುವುದನ್ನೂ ಬಿಟ್ಟು, ಬೈನಾಕ್ಯುಲರ್ ಹಿಡಿದು ಬುರುಜಿನ ಮೇಲೆ ಕಾಯುತ್ತಿದ್ದಳು.

“ನಡಿ, ಬಸ್ ತಪ್ತದ,” ಅಂದರು ಅಪ್ಪ.

“ಸ್ವಲ್ಪ ತಡೀರಿ, ನೀರು ಇಳ್ಯಾಕತ್ತದ.”

“ಹಕ್ಕಿ ಎಲ್ಲಿ ಹೋಗ್ತಾವ? ಮುಂದಿನ ಸಲ ನೋಡೋಣಂತ.”

ಬಸ್ ಸ್ಟ್ಯಾಂಡಿಗೆ ಬಂದು ಒಂದು ತಾಸು ಕೂತೆವು. “ಅಲ್ಲಿದ್ರ ಹಕ್ಕಿ ಬರ್ತಿದ್ವು. ಇಲ್ಲಿ ಬಸ್ಸೂ ಬರವಲ್ದು,” ಅಂದಳು ಅವ್ವ. ಅಪ್ಪ ವಾಚ್ ನೋಡಿಕೊಂಡರು.

ಆ ಮುಂದಿನ ಸಲ ಬರಲೇ ಇಲ್ಲ. ಈಗ ಸಕ್ಕರೆ ಕಾಯಿಲೆಯಿಂದ ಅವ್ವನ ಕಣ್ಣು ಮಂಜಾಗಿದೆ.

ನಾನೋ, ಮೊದಲ ಸೆಮಿಸ್ಟರ್ ಪರೀಕ್ಷೆಗೆ ತಾಸು ಮೊದಲೇ ಬಂದು, ಬೀಗ ಹಾಕಿದ ಬಾಗಿಲ ಮುಂದೆ ಒಬ್ಬಳೇ ನಿಂತಿದ್ದೇನೆ.